ಸಾವಯವ ರಸಾಯನಶಾಸ್ತ್ರದ ಮೂಲ ಕ್ರಿಯೆಗಳು: ಸಾಬೂನಿನಿಂದ ವಿಷದ ಸಾರಾಯಿವರೆಗೆ

ಗಡಿಭಾಗದ ನಮ್ಮ ಮಕ್ಕಳಲ್ಲಿ ಹಲವರು ಹತ್ತನೇ ತರಗತಿಯವರೆಗೆ ಕನ್ನಡದಲ್ಲಿ ಓದುತ್ತಾರೆ. ಮುಂದೆ ವಿಜ್ಞಾನ ವಿಭಾಗಕ್ಕೆ ಸೇರಿದ ಕೂಡಲೇ ಪುಸ್ತಕ ಇಂಗ್ಲಿಷ್ ಆಗುತ್ತದೆ. ಅಲ್ಲಿ ಅವರನ್ನು ಹೆಚ್ಚು ಹೆದರಿಸುವ ಪಾಠ ಸಾವಯವ ರಸಾಯನಶಾಸ್ತ್ರ, ಅಂದರೆ ಆರ್ಗ್ಯಾನಿಕ್ ಕೆಮಿಸ್ಟ್ರಿ. ಈ ಲೇಖಕ ಬಿ.ಎ. ಓದಿದವನು. ಆದರೂ ನೆರೆಮನೆಯ ಮಕ್ಕಳ ಜೊತೆ ಕುಳಿತು ಓದಿದಾಗ ತಿಳಿದದ್ದಿಷ್ಟು: ಕ್ರಿಯೆಗಳು ನೂರಾರು ಇದ್ದರೂ ಅವುಗಳ ಬಗೆ ಕೆಲವೇ. ಅವು ನಮ್ಮ ಅಡುಗೆಮನೆ, ಹೊಲ, ಪೇಟೆಗಳಲ್ಲೇ ನಡೆಯುತ್ತಿವೆ.

ಮೂಲ ಸಂಗತಿ

ಸಾವಯವ ವಸ್ತುಗಳ ಬೆನ್ನೆಲುಬು ಕಾರ್ಬನ್. ಒಂದು ಕಾರ್ಬನ್ ಪರಮಾಣು ನಾಲ್ಕು ಬಂಧಗಳನ್ನು ಕಟ್ಟಿಕೊಳ್ಳುತ್ತದೆ. ಒಂದು ಬಂಧವೆಂದರೆ ಎರಡು ಪರಮಾಣುಗಳು ಹಂಚಿಕೊಂಡ ಒಂದು ಜೋಡಿ ಇಲೆಕ್ಟ್ರಾನು. ಹಳೆಯ ಬಂಧ ಮುರಿದು ಹೊಸ ಬಂಧ ಕೂಡುವುದೇ ರಾಸಾಯನಿಕ ಕ್ರಿಯೆ. ಯಾವುದು ಮೊದಲು ಮುರಿಯಿತು, ಇಲೆಕ್ಟ್ರಾನು ಎಲ್ಲಿಂದ ಎಲ್ಲಿಗೆ ಹೋಯಿತು ಎಂಬ ವಿವರವನ್ನು ಕ್ರಿಯಾವಿಧಾನ ಅಥವಾ ಮೆಕ್ಯಾನಿಸಂ ಎನ್ನುತ್ತಾರೆ. ಪುಸ್ತಕದಲ್ಲಿ ಕಾಣುವ ಬಾಗಿದ ಬಾಣದ ಗುರುತು ಈ ಇಲೆಕ್ಟ್ರಾನಿನ ದಾರಿ. ರಾಬರ್ಟ್ ರಾಬಿನ್ಸನ್ ಎಂಬ ಬ್ರಿಟಿಷ್ ವಿಜ್ಞಾನಿ 1922ರಲ್ಲಿ ಈ ಬಾಣಗಳನ್ನು ಬಳಕೆಗೆ ತಂದರು. ಮುಂದೆ ಕ್ರಿಸ್ಟೋಫರ್ ಇಂಗೋಲ್ಡ್ ಎರಡು ಹೆಸರುಗಳನ್ನು ರೂಢಿಗೆ ತಂದರು. ಇಲೆಕ್ಟ್ರಾನು ಕೊಡುವುದು ನ್ಯೂಕ್ಲಿಯೋಫೈಲ್, ಪಡೆಯುವುದು ಇಲೆಕ್ಟ್ರೋಫೈಲ್. ಕೊಡುವವರಾರು, ಪಡೆಯುವವರಾರು ಎಂದು ಗುರುತಿಸಿದರೆ ಅರ್ಧ ಪಾಠ ಮುಗಿದಂತೆ.

1. ಆದೇಶನ ಕ್ರಿಯೆ

ಇಂಗ್ಲಿಷ್ ಪುಸ್ತಕದ ಸಬ್‌ಸ್ಟಿಟ್ಯೂಷನ್ ಇದೇ. ಒಂದು ಗುಂಪು ಜಾಗ ಬಿಡುತ್ತದೆ, ಇನ್ನೊಂದು ಆ ಜಾಗಕ್ಕೆ ಬರುತ್ತದೆ. ತೆಂಗಿನೆಣ್ಣೆಗೆ ಕಾಸ್ಟಿಕ್ ಸೋಡಾ ಹಾಕಿ ಸಾಬೂನು ಮಾಡುವುದು ಈ ಜಾತಿಯದು. ಎಣ್ಣೆಯ ಅಣುವಿನಲ್ಲಿ ಒಂದು ಗ್ಲಿಸರಿನ್‌ಗೆ ಮೂರು ಕೊಬ್ಬಿನಾಮ್ಲಗಳು ಅಂಟಿಕೊಂಡಿವೆ. ಆ ಅಂಟಿನ ಜಾಗದಲ್ಲಿರುವ ಕಾರ್ಬನ್ನಿನಿಂದ ಪಕ್ಕದ ಆಕ್ಸಿಜನ್ ಇಲೆಕ್ಟ್ರಾನುಗಳನ್ನು ತನ್ನತ್ತ ಎಳೆದಿರುತ್ತದೆ. ಹಾಗಾಗಿ ಆ ಕಾರ್ಬನ್ ತುಸು ಧನ ವಿದ್ಯುದಂಶ ಪಡೆದಿದೆ. ಋಣ ವಿದ್ಯುದಂಶದ ಹೈಡ್ರಾಕ್ಸೈಡ್ ಅಲ್ಲಿಗೆ ಬಂದು ಸೇರುತ್ತದೆ, ನಂತರ ಗ್ಲಿಸರಿನ್ ಭಾಗ ಕಳಚಿಕೊಳ್ಳುತ್ತದೆ. ಮೂರು ಕಡೆಯೂ ಹೀಗಾದಾಗ ಒಂದು ಗ್ಲಿಸರಿನ್, ಮೂರು ಸಾಬೂನಿನ ಅಣುಗಳು ಸಿಗುತ್ತವೆ. ಸೋಡಾ ಹೆಚ್ಚಾದರೆ ಉಳಿದದ್ದು ಚರ್ಮ ಸುಡುತ್ತದೆ. ಆದ್ದರಿಂದಲೇ ಮನೆಯಲ್ಲಿ ಸಾಬೂನು ಮಾಡುವವರು ತೂಕ ತಪ್ಪಬಾರದು.

2. ಸಂಕಲನ ಕ್ರಿಯೆ

ಇದು ಅಡಿಷನ್. ಎರಡು ಕಾರ್ಬನ್‌ಗಳ ನಡುವೆ ಎರಡು ಬಂಧಗಳಿದ್ದರೆ ಒಂದು ಬಂಧ ತೆರೆದುಕೊಂಡು ಹೊಸ ಪರಮಾಣುಗಳನ್ನು ಸೇರಿಸಿಕೊಳ್ಳುತ್ತದೆ. ಏನೂ ಹೊರಗೆ ಹೋಗುವುದಿಲ್ಲ. ಸೊಲ್ಲಾಪುರ ಸೀಮೆಯ ಕುಸುಬೆ ಎಣ್ಣೆಯಲ್ಲಿ ಇಂಥ ಜೋಡಿ ಬಂಧಗಳು ಬಹಳ, ಅದಕ್ಕೇ ಅದು ತೆಳುವಾಗಿರುತ್ತದೆ. ನಿಕ್ಕಲ್ ಲೋಹದ ಸಹಾಯದಿಂದ ಇಂಥ ಎಣ್ಣೆಗೆ ಹೈಡ್ರೋಜನ್ ಸೇರಿಸಿದರೆ ಅದು ಗಟ್ಟಿಯಾಗಿ ವನಸ್ಪತಿ ಆಗುತ್ತದೆ. ಈ ಕೆಲಸ ಅರ್ಧಕ್ಕೆ ನಿಂತಾಗ ಹೃದಯಕ್ಕೆ ಕೆಟ್ಟದಾದ ಟ್ರಾನ್ಸ್ ಕೊಬ್ಬು ಉಳಿಯುತ್ತದೆ. ಎಣ್ಣೆ ಮತ್ತು ಕೊಬ್ಬುಗಳಲ್ಲಿ ಇದು ಶೇ. 2ನ್ನು ಮೀರಬಾರದೆಂಬ ನಿಯಮ 2022ರಿಂದ ಭಾರತದಲ್ಲಿದೆ.

3. ವಿಲೋಪನ ಕ್ರಿಯೆ

ಇದು ಎಲಿಮಿನೇಷನ್, ಸಂಕಲನಕ್ಕೆ ತಿರುಗುಮುರುಗು. ಅಣುವಿನಿಂದ ಒಂದು ಸಣ್ಣ ತುಂಡು ಹೊರಬಿದ್ದು, ಉಳಿದೆಡೆ ಜೋಡಿ ಬಂಧ ಮೂಡುತ್ತದೆ. ಎಥನಾಲ್‌ನಿಂದ ನೀರನ್ನು ತೆಗೆದರೆ ಎಥಿಲಿನ್ ಅನಿಲ ಬರುತ್ತದೆ. ಪ್ರಯೋಗಾಲಯದಲ್ಲಿ ಇದಕ್ಕೆ ಸಾಂದ್ರ ಗಂಧಕಾಮ್ಲ ಮತ್ತು ಸುಮಾರು 170 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ಮಾವು, ಬಾಳೆ ಹಣ್ಣು ಮಾಡುವ ಕೋಣೆಗಳಲ್ಲಿ ಎಥನಾಲನ್ನು ಬಿಸಿಯಾದ ಕ್ರಿಯಾವರ್ಧಕದ ಮೇಲೆ ಹಾಯಿಸಿ ಇದೇ ಅನಿಲ ಪಡೆಯುವ ಯಂತ್ರಗಳಿವೆ. ಹಣ್ಣು ತಾನಾಗಿ ಮಾಗುವಾಗಲೂ ಎಥಿಲಿನ್ ಬಿಡುತ್ತದೆ, ಹಾಗಾಗಿ ಮಿತಿಯಲ್ಲಿ ಅದರ ಬಳಕೆಗೆ ಅನುಮತಿ ಇದೆ. ಕಾರ್ಬೈಡ್ ಕಲ್ಲಿನಿಂದ ಹಣ್ಣು ಮಾಡುವುದು ಮಾತ್ರ ನಿಷಿದ್ಧ.

4. ಪುನರ್ವಿನ್ಯಾಸ

ಇದು ರೀಅರೇಂಜ್‌ಮೆಂಟ್. ಹೊಸದು ಸೇರುವುದಿಲ್ಲ, ಇದ್ದದ್ದು ಹೋಗುವುದಿಲ್ಲ. ಪರಮಾಣುಗಳು ಜಾಗ ಬದಲಿಸುತ್ತವೆ. 1828ರಲ್ಲಿ ಜರ್ಮನಿಯ ಫ್ರೆಡ್ರಿಕ್ ವೋಲರ್ ಅಮೋನಿಯಂ ಸಯನೇಟ್ ಎಂಬ ಲವಣದಿಂದ ಯೂರಿಯಾ ಪಡೆದದ್ದು ಹೀಗೆ. ಎರಡರಲ್ಲೂ ಒಂದು ಕಾರ್ಬನ್, ಒಂದು ಆಕ್ಸಿಜನ್, ಎರಡು ನೈಟ್ರೋಜನ್, ನಾಲ್ಕು ಹೈಡ್ರೋಜನ್. ಜೀವಿಗಳ ದೇಹದಲ್ಲಷ್ಟೇ ಆಗುವುದೆಂದು ನಂಬಿದ್ದ ವಸ್ತು ಗಾಜಿನ ಪಾತ್ರೆಯಲ್ಲಿ ಸಿಕ್ಕಿತು. ಇಂದು ರೈತರು ಚೀಲಗಟ್ಟಲೆ ತರುವ ಯೂರಿಯಾವನ್ನು ಕಾರ್ಖಾನೆಗಳಲ್ಲಿ ಅಮೋನಿಯಾ ಮತ್ತು ಕಾರ್ಬನ್ ಡೈಆಕ್ಸೈಡ್‌ನಿಂದ ಮಾಡುತ್ತಾರೆ.

5. ಉತ್ಕರ್ಷಣ ಮತ್ತು ಅಪಕರ್ಷಣ

ಕಾರ್ಬನ್ನಿಗೆ ಆಕ್ಸಿಜನ್ ಸೇರುವುದು ಅಥವಾ ಹೈಡ್ರೋಜನ್ ಕಳೆಯುವುದು ಉತ್ಕರ್ಷಣ. ಅದರ ಉಲ್ಟಾ ಅಪಕರ್ಷಣ. ಇದನ್ನು ಪರೀಕ್ಷೆಗಾಗಿ ಮಾತ್ರವಲ್ಲ, ಜೀವಕ್ಕಾಗಿಯೂ ತಿಳಿದಿರಬೇಕು.

ಮದ್ಯದಲ್ಲಿರುವುದು ಎಥನಾಲ್, ಎರಡು ಕಾರ್ಬನ್ನಿನದು. ಯಕೃತ್ತಿನ ಕಿಣ್ವಗಳು ಅದನ್ನು ಉತ್ಕರ್ಷಿಸಿ ಮೊದಲು ಅಸಿಟಾಲ್ಡಿಹೈಡ್, ಬಳಿಕ ಅಸಿಟಿಕ್ ಆಮ್ಲ ಮಾಡುತ್ತವೆ. ಅಸಿಟಿಕ್ ಆಮ್ಲವೆಂದರೆ ವಿನೆಗರಿನ ಹುಳಿ, ದೇಹ ಅದನ್ನು ಬಳಸಿಕೊಳ್ಳುತ್ತದೆ. ಮೆಥನಾಲ್ ಕೈಗಾರಿಕೆಗೆ ಬಳಸುವ ದ್ರವ, ಒಂದೇ ಕಾರ್ಬನ್ನಿನದು. ಅದೇ ಕಿಣ್ವಗಳು ಅದೇ ರೀತಿ ಕೆಲಸ ಮಾಡಿ ಅದನ್ನು ಫಾರ್ಮಾಲ್ಡಿಹೈಡ್, ಬಳಿಕ ಫಾರ್ಮಿಕ್ ಆಮ್ಲ ಮಾಡುತ್ತವೆ. ಈ ಆಮ್ಲ ಜೀವಕೋಶಗಳು ಆಕ್ಸಿಜನ್ ಬಳಸುವುದನ್ನೇ ತಡೆಯುತ್ತದೆ, ಕಣ್ಣಿನ ನರವನ್ನು ಹಾಳು ಮಾಡುತ್ತದೆ. ಕುಡಿದದ್ದಕ್ಕಿಂತ ದೇಹ ಅದರಿಂದ ಮಾಡಿದ್ದು ಹೆಚ್ಚು ವಿಷ.

2008ರ ಮೇ ತಿಂಗಳಲ್ಲಿ ಕರ್ನಾಟಕ ಮತ್ತು ತಮಿಳುನಾಡಿನ ಗಡಿ ಜಿಲ್ಲೆಗಳಲ್ಲಿ ವಿಷದ ಸಾರಾಯಿ ಕುಡಿದು 150ಕ್ಕೂ ಹೆಚ್ಚು ಮಂದಿ ಸತ್ತರು. 2024ರ ಜೂನ್‌ನಲ್ಲಿ ತಮಿಳುನಾಡಿನ ಕಲ್ಲಕುರಿಚಿಯಲ್ಲಿ ಮೆಥನಾಲ್ ಬೆರೆತ ಸಾರಾಯಿಗೆ 60ಕ್ಕೂ ಹೆಚ್ಚು ಮಂದಿ ಬಲಿಯಾದರು. ರುಚಿ, ವಾಸನೆಯಿಂದ ಮೆಥನಾಲನ್ನು ಗುರುತಿಸಲು ಬರುವುದಿಲ್ಲ. ಕುಡಿದ ಕೂಡಲೇ ಮಾಮೂಲಿ ಅಮಲಿನಂತೆಯೇ ಇರುತ್ತದೆ. ಆಮ್ಲ ಕೂಡಿಬರಲು ಹೊತ್ತು ಬೇಕು. ಅನೇಕ ವೇಳೆ 12ರಿಂದ 24 ಗಂಟೆಗಳ ನಂತರ ಹೊಟ್ಟೆನೋವು, ವಾಂತಿ, ಏದುಸಿರು, ಕಣ್ಣು ಮಂಜಾಗುವುದು ಶುರುವಾಗುತ್ತದೆ. ಮಲಗಿದರೆ ಇಳಿಯುತ್ತದೆ ಎಂದು ಕಾಯುವುದೇ ಪ್ರಾಣಕ್ಕೆ ಕುತ್ತು.

ಚಿಕಿತ್ಸೆಯ ಗುಟ್ಟೂ ಕ್ರಿಯಾವಿಧಾನದಲ್ಲೇ ಇದೆ. ಮೆಥನಾಲನ್ನು ಬದಲಿಸುವ ಕಿಣ್ವವನ್ನು ತಡೆದರೆ ವಿಷ ಹುಟ್ಟುವುದು ನಿಲ್ಲುತ್ತದೆ. ಫೋಮೆಪಿಜೋಲ್ ಎಂಬ ಔಷಧಿ ಈ ಕೆಲಸ ಮಾಡುತ್ತದೆ. ಅದಿಲ್ಲದೆಡೆ ವೈದ್ಯರು ಅಳತೆ ಮಾಡಿ ಎಥನಾಲ್ ಕೊಡುವುದೂ ಉಂಟು; ಕಿಣ್ವ ಎಥನಾಲನ್ನೇ ಮೊದಲು ಹಿಡಿಯುತ್ತದೆ. ರಕ್ತದಲ್ಲಿ ಉಳಿದದ್ದನ್ನು ಡಯಾಲಿಸಿಸ್ ತೆಗೆಯುತ್ತದೆ. ಇದು ಆಸ್ಪತ್ರೆಯಲ್ಲಿ ಆಗಬೇಕಾದ ಕೆಲಸ, ಮನೆಯಲ್ಲಿ ಮತ್ತಷ್ಟು ಕುಡಿಸುವುದಲ್ಲ. ಜೊತೆಯಲ್ಲಿ ಕುಡಿದವರು ಚೆನ್ನಾಗಿದ್ದಂತೆ ಕಂಡರೂ ಅವರನ್ನೂ ಕೂಡಲೇ ಕರೆದೊಯ್ಯಬೇಕು.

ಎಥನಾಲ್, ಮೆಥನಾಲ್ ಎಂಬ ಹೆಸರುಗಳಲ್ಲಿ ಇರುವುದು ಒಂದಕ್ಷರದ ವ್ಯತ್ಯಾಸ, ಅಣುವಿನಲ್ಲಿ ಒಂದು ಕಾರ್ಬನ್ನಿನದು. ಪಾಠ ಯಾವ ಭಾಷೆಯಲ್ಲಿದ್ದರೂ ಈ ವ್ಯತ್ಯಾಸ ನಮ್ಮ ಮಕ್ಕಳಿಗೆ ತಿಳಿದಿರಲಿ, ಮನೆಯ ಹಿರಿಯರಿಗೂ ಅವರೇ ತಿಳಿಸಲಿ.