ತೋಟಾಕೋಶದ ಅಡಿರಂಧ್ರ: ಮರುಬಳಕೆಯ ಇತಿಹಾಸದಲ್ಲಿ ಒಂದು ವಿಚಾರ

ಆಯುಧಗಳ ಇತಿಹಾಸವನ್ನು ಬರೆದವರು ಕೋವಿಗೆ ಕೊಟ್ಟಷ್ಟು ಗಮನವನ್ನು ತೋಟಾಕ್ಕೆ ಕೊಟ್ಟುದು ವಿರಳ. ನಮ್ಮ ದೇಶದ ಮಟ್ಟಿಗೆ ಇದಕ್ಕೊಂದು ಅಪವಾದವುಂಟು. 1857ರಲ್ಲಿ ಎನ್‌ಫೀಲ್ಡ್ ಕೋವಿಯ ಜಿಡ್ಡು ಸವರಿದ ಕಾಗದದ ತೋಟಾ ಎಬ್ಬಿಸಿದ ಕೋಲಾಹಲವು ಸರ್ವವಿದಿತವಾಗಿದೆ. ಆ ಘಟನೆಯಾಗಿ ಹತ್ತು ವರ್ಷ ತುಂಬುವ ಮೊದಲೇ ಬ್ರಿಟಿಷ್ ಸೈನ್ಯದಲ್ಲಿ ಕಾಗದದ ಸ್ಥಾನಕ್ಕೆ ಲೋಹವು ಬಂದಿತು. ಹರಿದು ಬಿಸುಟ ಕಾಗದವು ಮತ್ತೆ ಕೆಲಸಕ್ಕೆ ಬರುವಂತಿರಲಿಲ್ಲ. ಹಿತ್ತಾಳೆಯ ಕೋಶವಾದರೋ ಗುಂಡು ಹಾರಿದ ಮೇಲೂ ಕೈಯಲ್ಲಿ ಉಳಿಯಿತು. ಉಳಿದುದನ್ನು ಮತ್ತೆ ತುಂಬಬಹುದೇ ಎಂಬ ಪ್ರಶ್ನೆ ಅಂದಿನಿಂದ ಹುಟ್ಟಿತು. ಅದರ ಉತ್ತರವು ಬಹುಮಟ್ಟಿಗೆ ಕೋಶದ ಅಡಿಯಲ್ಲಿರುವ ಒಂದು ಸಣ್ಣ ರಂಧ್ರವನ್ನು ಅವಲಂಬಿಸಿತೆಂಬುದನ್ನೂ, ಇಂದು ವಿದ್ಯುತ್ ಬೈರಿಗೆಗೆ ಸಿಕ್ಕಿಸಿ ಕೋಶದ ಬಾಯನ್ನು ಕತ್ತರಿಸುವ ಉಪಕರಣವೂ ಅದೇ ರಂಧ್ರದ ಫಲವೆಂಬುದನ್ನೂ ಇಲ್ಲಿ ತೋರಿಸಲು ಯತ್ನಿಸುತ್ತೇವೆ.

1866ರಲ್ಲಿ ಇಬ್ಬರು ಸೇನಾಧಿಕಾರಿಗಳು ಎರಡು ಬಗೆಯ ಕೇಪುಗಳನ್ನು ಬಳಕೆಗೆ ತಂದರು. ಒಬ್ಬನು ಇಂಗ್ಲೆಂಡಿನ ವುಲಿಚ್‌ನಲ್ಲಿದ್ದ ರಾಯಲ್ ಲ್ಯಾಬೊರೇಟರಿಯ ಮುಖ್ಯಾಧಿಕಾರಿ ಎಡ್ವರ್ಡ್ ಬಾಕ್ಸರ್. ಇನ್ನೊಬ್ಬನು ಅಮೆರಿಕದ ಅಂತರ್ಯುದ್ಧದಲ್ಲಿ ಗುರಿಕಾರರ ದಳವನ್ನು ನಡೆಸಿದ್ದ ಹೈರಮ್ ಬರ್ಡನ್. ಕೋವಿಯ ಸೂಜಿ ಬಡಿದಾಗ ಕೇಪಿನೊಳಗಿನ ಸಿಡಿಮದ್ದು ಜಜ್ಜಿ ಹೊತ್ತಿಕೊಳ್ಳಲು ಒಂದು ಅಡಿಗಲ್ಲು ಬೇಕು. ಬಾಕ್ಸರನು ಅದನ್ನು ಕೇಪಿನೊಳಗೇ ಇರಿಸಿದುದರಿಂದ ಕೋಶದ ಅಡಿಯಲ್ಲಿ ನಟ್ಟನಡುವೆ ಒಂದೇ ರಂಧ್ರ ಸಾಕಾಯಿತು. ಬರ್ಡನನು ಅಡಿಗಲ್ಲನ್ನು ಕೋಶದ ಅಂಗವಾಗಿಯೇ ರೂಪಿಸಿದನು. ಆದುದರಿಂದ ಕಿಡಿಯ ದಾರಿಗಳು ಅದರ ಇಕ್ಕೆಲಗಳಿಗೆ ಸರಿದವು. ಮುಂದೆ ಇಂಗ್ಲಿಷನ ಪದ್ಧತಿ ಅಮೆರಿಕದಲ್ಲಿಯೂ ಅಮೆರಿಕನ್ನನ ಪದ್ಧತಿ ಯುರೋಪಿನ ಸೈನ್ಯಗಳಲ್ಲಿಯೂ ನೆಲೆಯೂರಿದುದು ಇತಿಹಾಸದ ಒಂದು ವಿನೋದ.

ಈ ವ್ಯತ್ಯಾಸದ ಪರಿಣಾಮವು ಅಲ್ಪವಲ್ಲ. ಬಾಕ್ಸರ್ ಕೋಶದೊಳಕ್ಕೆ ಒಂದು ನೇರವಾದ ಕಡ್ಡಿಯನ್ನು ಇಳಿಸಿ ತಳ್ಳಿದರೆ ಸುಟ್ಟ ಕೇಪು ಹೊರಬೀಳುತ್ತದೆ. ಬರ್ಡನ್ ಕೋಶದಲ್ಲಿ ನಡುವೆ ದಾರಿಯಿಲ್ಲ. ಕೇಪನ್ನು ಹೊರಗಿನಿಂದ ಕೊಕ್ಕೆ ಹಾಕಿ ಮೀಟಬೇಕು, ಇಲ್ಲವೆ ನೀರಿನ ಒತ್ತಡದಿಂದ ಹೊರಡಿಸಬೇಕು. ಮರುಭರ್ತಿಯ ಅಭ್ಯಾಸವು ಅಮೆರಿಕದಲ್ಲಿ ಮನೆಮನೆಗೆ ಹಬ್ಬಿದುದಕ್ಕೆ ಈ ಸೌಲಭ್ಯವೂ ಒಂದು ಮುಖ್ಯ ಕಾರಣವೆಂದು ನಾವು ಭಾವಿಸುತ್ತೇವೆ. 1880ರ ದಶಕದಲ್ಲಿ ಅಲ್ಲಿನ ಸೈನ್ಯವೇ ಗುರಿಯ ಅಭ್ಯಾಸಕ್ಕಾಗಿ ಕೋಶಗಳನ್ನು ಮತ್ತೆ ತುಂಬಿಸುತ್ತಿತ್ತು. 1884ರಲ್ಲಿ ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್ ಪಟ್ಟಣದಲ್ಲಿ ಜಾನ್ ಬಾರ್ಲೊ ಸ್ಥಾಪಿಸಿದ ಐಡಿಯಲ್ ಸಂಸ್ಥೆಯು ಇಕ್ಕಳದ ಆಕಾರದ ಒಂದು ಕೈಹತಾರವನ್ನು ಮಾರಾಟಕ್ಕೆ ತಂದಿತು. ಶಸ್ತ್ರಾಗಾರದ ಕೆಲಸವು ಹೀಗೆ ಬೇಟೆಗಾರನ ಚೀಲವನ್ನು ಸೇರಿತು.

ಆದರೆ ಶಸ್ತ್ರಾಗಾರದ ಹತಾರ ಬಂದಷ್ಟು ಸುಲಭವಾಗಿ ಅದರ ಅಳತೆಯ ಶಿಸ್ತು ಬರಲಿಲ್ಲ. ತೋಟಾದ ಹಿತ್ತಾಳೆಯಲ್ಲಿ ನೂರಕ್ಕೆ 70 ಪಾಲು ತಾಮ್ರ, 30 ಪಾಲು ಸತು. ಮದ್ದು ಉರಿದಾಗ ಅದು ಹಿಗ್ಗಿ, ಕೋವಿಯಲ್ಲಿ ತಾನು ಕುಳಿತ ಗೂಡಿನ ಗೋಡೆಗೆ ಒತ್ತಿಕೊಂಡು, ಅನಿಲವು ಹಿಂದಕ್ಕೆ ನುಗ್ಗದಂತೆ ತಡೆಯುತ್ತದೆ. ಮರುಕ್ಷಣದಲ್ಲಿ ಕೊಂಚ ಕುಗ್ಗಿ ಹೊರಬರುತ್ತದೆ. ಅದರ ಗುಣವೂ ಇದೇ, ದೋಷವೂ ಇದೇ. ಹಿಗ್ಗಿದ ಕೋಶವನ್ನು ಅಚ್ಚಿನಲ್ಲಿ ಒತ್ತಿ ಮೊದಲಿನ ಗಾತ್ರಕ್ಕೆ ತರುವಾಗ ಲೋಹವು ಬಾಯಿಯ ಕಡೆಗೆ ಸರಿದು ಕೋಶವು ಉದ್ದವಾಗುತ್ತದೆ. 1906ರ ಅಮೆರಿಕನ್ ಸೈನ್ಯದ .30-06 ತೋಟಾವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅದರ ಕೋಶದ ಪರಮಾವಧಿ ಉದ್ದ 2.494 ಅಂಗುಲ, ಕತ್ತರಿಸಿ ತರಬೇಕಾದ ಉದ್ದ 2.484 ಅಂಗುಲ. ಅಂತರವು ಅಂಗುಲದ ನೂರನೆಯ ಒಂದು ಭಾಗ ಮಾತ್ರ. ಪರಮಾವಧಿಯನ್ನು ಮೀರಿದ ಕೋಶದ ಬಾಯಿ ಗೂಡಿನ ಮುಂದಣ ಅಂಚಿಗೆ ಸಿಕ್ಕಿ ಗುಂಡನ್ನು ಬಿಗಿಹಿಡಿಯಬಹುದು. ಆಗ ಒತ್ತಡವೇರಿ ಕೋವಿಯೂ ಹಿಡಿದವನ ಕೈ ಕಣ್ಣುಗಳೂ ಅಪಾಯಕ್ಕೀಡಾಗುತ್ತವೆ.

ಈ ಸೂಕ್ಷ್ಮ ಅಳತೆಯನ್ನು ಅರದಿಂದಲೂ, ಕೈಯಿಂದ ತಿರುಗಿಸುವ ಪುಟ್ಟ ಚರಕಿಯಿಂದಲೂ ಸಾಧಿಸಬಹುದು. ಆದರೆ ನೂರಾರು ಕೋಶಗಳಿದ್ದಲ್ಲಿ ಅದು ಬೇಸರದ ದುಡಿಮೆ. ಇತ್ತ ಜರ್ಮನಿಯ ಫೈನ್ ಸಂಸ್ಥೆಯು 1895ರಲ್ಲಿಯೇ ಕೈಯಲ್ಲಿ ಹಿಡಿಯುವ ವಿದ್ಯುತ್ ಬೈರಿಗೆಯನ್ನು ನಿರ್ಮಿಸಿತ್ತು. 1917ರಲ್ಲಿ ಅಮೆರಿಕದ ಬ್ಲ್ಯಾಕ್ ಮತ್ತು ಡೆಕರ್ ಎಂಬವರು ಪಿಸ್ತೂಲಿನ ಹಿಡಿಯನ್ನೂ ಕುದುರೆಯನ್ನೂ ಹೋಲುವ ಬೈರಿಗೆಗೆ ಹಕ್ಕುಪತ್ರ ಪಡೆದರು. ಕೋವಿಯ ಆಕಾರವನ್ನು ಎರವಲು ಪಡೆದ ಈ ಯಂತ್ರವು ಎರಡನೆಯ ಮಹಾಯುದ್ಧಾನಂತರ ಗೃಹಸ್ಥರ ಕೈಸೇರಿ, ಕೋವಿಯ ಸೇವೆಗೇ ಮರಳಿತು.

1958ರಲ್ಲಿ ಮರುಭರ್ತಿಯ ಹತಾರಗಳನ್ನು ಮಾಡತೊಡಗಿದ ರಿಚರ್ಡ್ ಲೀ ಎಂಬವನ ಸಂಸ್ಥೆಯ ಉಪಕರಣದಲ್ಲಿ ಈ ಎರಡು ಇತಿಹಾಸಗಳೂ ಕೂಡಿವೆ. ಕೋಶದ ಅಡಿಯನ್ನು ಒಂದು ಹಿಡಿಕೆಗೆ ಬಿಗಿದು, ಹಿಡಿಕೆಯನ್ನು ಬೈರಿಗೆಗೆ ಸಿಕ್ಕಿಸುತ್ತಾರೆ. ಬಾಯೊಳಗೆ ಇಳಿಯುವ ಕತ್ತರಿಯ ಮುಂದೆ ಗೊತ್ತಾದ ಉದ್ದದ ಒಂದು ಸರಳಿರುತ್ತದೆ. ಕೋಶವು ಗಿರ್ರನೆ ತಿರುಗುವಾಗ ಅಂಚಿನ ಹಿತ್ತಾಳೆ ಸವೆಯುತ್ತದೆ. ಸರಳಿನ ತುದಿ ಅಡಿರಂಧ್ರದ ಮೂಲಕ ಹಾದು ಹಿಡಿಕೆಯ ಲೋಹಕ್ಕೆ ತಾಗಿದೊಡನೆ ಸವೆತ ನಿಲ್ಲುತ್ತದೆ. ಅಳತೆಯು ಕೆಲಸಗಾರನ ಕಣ್ಣಿನಲ್ಲಿಲ್ಲ, ಸರಳಿನ ಉದ್ದದಲ್ಲಿದೆ. ಬರ್ಡನ್ ಕೋಶದಲ್ಲಿ ಸರಳು ಹಾಯಲು ನಡುವೆ ರಂಧ್ರವಿಲ್ಲವಾದುದರಿಂದ ಈ ಉಪಕರಣವು ಅಲ್ಲಿ ನಿರುಪಯೋಗಿ.

ಕೋಶದ ಭುಜವನ್ನೇ ಆಧಾರವಾಗಿಟ್ಟುಕೊಂಡು ಕತ್ತರಿಸುವ ಬೈರಿಗೆಯ ಉಪಕರಣಗಳೂ ಇವೆಯಲ್ಲ, ಅವಕ್ಕೆ ರಂಧ್ರದ ಹಂಗಿಲ್ಲವಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಆಕ್ಷೇಪವು ಸರಿಯೇ. ಆದರೆ ಅವು ಭುಜವಿರುವ ಕೋಶಗಳಿಗೆ ಮಾತ್ರ ಸಲ್ಲುತ್ತವೆ. ಅಲ್ಲದೆ ಕತ್ತರಿಸುವ ಮುನ್ನವೋ ಅನಂತರವೋ ಹಳೆಯ ಕೇಪನ್ನು ತೆಗೆಯಲೇಬೇಕಾದುದರಿಂದ ಅವೂ ರಂಧ್ರದ ಋಣದಿಂದ ಪೂರ್ಣವಾಗಿ ಮುಕ್ತವಲ್ಲ.

ಕೊನೆಯದಾಗಿ ಒಂದು ಮಾತು. ಬಾಯಲ್ಲಿ ಕತ್ತರಿಸಿ ತೆಗೆದ ಹಿತ್ತಾಳೆ ಹೊಸದಾಗಿ ಹುಟ್ಟಿದುದಲ್ಲ; ಕೋಶದ ಒಡಲಿನಿಂದಲೇ ಸರಿದು ಬಂದದ್ದು. ಪ್ರತಿಸಲವೂ ಅಡಿಯ ಸಮೀಪದ ಗೋಡೆ ತೆಳುವಾಗುತ್ತ ಹೋಗಿ, ಒಂದು ದಿನ ಅಲ್ಲಿ ಹೊಳೆಯುವ ಉಂಗುರದಂಥ ಗೆರೆ ಮೂಡುತ್ತದೆ. ಆ ಕೋಶವನ್ನು ಮತ್ತೆ ತುಂಬಿದರೆ ಅದು ಕೋವಿಯೊಳಗೇ ಎರಡು ತುಂಡಾಗಬಹುದು. ಸರಳು ಉದ್ದವನ್ನು ಅಳೆಯಬಲ್ಲದು, ಆಯುಸ್ಸನ್ನು ಅಳೆಯಲಾರದು. ಕೋಶವನ್ನು ಯಾವಾಗ ಬಿಡಬೇಕೆಂಬ ನಿರ್ಣಯವು ಇಂದಿಗೂ ಮನುಷ್ಯನ ವಿವೇಕಕ್ಕೇ ಉಳಿದಿದೆ.