ಬರಿಗೈ ಕಾವಲುಗಾರರು: ಮೊದಲ ಬೇಸ್‌ಬಾಲ್ ಲೀಗಿನ ಶಾರ್ಟ್‌ಸ್ಟಾಪ್‌ಗಳನ್ನು ತೂಗುವ ಬಗೆ

ಬ್ರಿಜೇಶ್ ಪಟೇಲ್ ಕವರ್ಸ್‌ನಲ್ಲಿ ನಿಂತು ತಡೆದ ರನ್‌ಗಳು ಯಾವ ಸ್ಕೋರ್‌ಪುಸ್ತಕದಲ್ಲೂ ಇಲ್ಲ. ಹೊಡೆದದ್ದು ಬರಹಕ್ಕೆ ಬರುತ್ತದೆ. ತಡೆದದ್ದು ನೋಡಿದವರ ನೆನಪಿನಲ್ಲಿ ಉಳಿದು, ಅವರೊಂದಿಗೇ ಅಳಿಯುತ್ತದೆ. ಕ್ರಿಕೆಟ್ ಬಲ್ಲ ನಮಗೆ ಪರಿಚಿತವಾದ ಈ ತೊಡಕು ಅಮೆರಿಕದ ಬೇಸ್‌ಬಾಲ್ ಇತಿಹಾಸಕಾರರನ್ನು ಇನ್ನೂ ಹೆಚ್ಚಾಗಿ ಕಾಡಿದೆ. 1871ರಿಂದ 1875ರವರೆಗೆ ನಡೆದ ಮೊದಲ ವೃತ್ತಿಪರ ಲೀಗ್, ನ್ಯಾಷನಲ್ ಅಸೋಸಿಯೇಷನ್ನಿನ ಶಾರ್ಟ್‌ಸ್ಟಾಪ್‌ಗಳನ್ನು ತೂಗಹೊರಟಾಗ ಅದು ಎದುರಿಗೇ ಬಂದು ನಿಲ್ಲುತ್ತದೆ.

ಶಾರ್ಟ್‌ಸ್ಟಾಪ್ ನಿಲ್ಲುವುದು ಎರಡನೆಯ ಮತ್ತು ಮೂರನೆಯ ಬೇಸ್‌ಗಳ ನಡುವೆ. ಬಲಗೈ ಬ್ಯಾಟುಗಾರರ ಹೊಡೆತಗಳು ಹೆಚ್ಚಾಗಿ ಅತ್ತ ಹರಿಯುವುದರಿಂದ ಅವನಿಗೆ ಬಿಡುವೇ ಇಲ್ಲ. ಹಳೆಯ ಋತುಗಳನ್ನು ಕಾರ್ಡು, ದಾಳಗಳಿಂದ ಮತ್ತೆ ಆಡಿಸುವ ಹವ್ಯಾಸ ಅಮೆರಿಕದಲ್ಲಿ ಬಹುಕಾಲದ್ದು. 1951ರಲ್ಲಿ ಎಪಿಬಿಎ, 1961ರಲ್ಲಿ ಸ್ಟ್ರಾಟ್-ಒ-ಮ್ಯಾಟಿಕ್ ಮಾರುಕಟ್ಟೆಗೆ ಬಂದವು. ಇಂದು ಆ ಕೆಲಸವನ್ನು ಕಂಪ್ಯೂಟರು ಮಾಡುತ್ತದೆ. ಇಂಥ ಕಲ್ಪಿತ ಲೀಗ್ ಕಟ್ಟುವವನು ಪ್ರತಿ ಆಟಗಾರನಿಗೂ ಒಂದು ಅಂಕಿ ಕೊಡಲೇಬೇಕು. ಇತಿಹಾಸಕಾರ ‘ಹೇಳಲು ಬಾರದು’ ಎಂದು ಜಾರಿಕೊಳ್ಳಬಹುದು. ಇವನು ಹಾಗೆ ಮಾಡುವಂತಿಲ್ಲ.

ಆದರೆ ಆ ಅಂಕಿ ಬರುವುದೆಲ್ಲಿಂದ? ಆಗ ಕ್ಷೇತ್ರರಕ್ಷಕರು ಆಡುತ್ತಿದ್ದುದು ಬಹುಪಾಲು ಬರಿಗೈಯಲ್ಲಿ; ನೆಲ ಏರುತಗ್ಗು. ಚೆಂಡನ್ನು 45 ಅಡಿ ದೂರದಿಂದ ಕೆಳಗೈಯಲ್ಲಿ ಎಸೆಯುತ್ತಿದ್ದರು. ಎಸೆತವನ್ನೇ ತಪ್ಪಿಸಿಕೊಂಡು ಔಟಾಗುವವರು ವಿರಳವಾದ್ದರಿಂದ ಹೆಚ್ಚುಕಡಿಮೆ ಪ್ರತಿ ಚೆಂಡೂ ಮೈದಾನಕ್ಕೆ ಬೀಳುತ್ತಿತ್ತು. ಹೀಗಾಗಿ ಗೆಲುವು ಸೋಲುಗಳಲ್ಲಿ ಕ್ಷೇತ್ರರಕ್ಷಣೆಯ ಪಾಲು ಇಂದಿಗಿಂತ ಬಹಳ ದೊಡ್ಡದು. ತಪ್ಪುಗಳೂ ಅಷ್ಟೇ ಹೇರಳ.

ಆ ಕಾಲದ ಪಟ್ಟಿಗಳು ಶಾರ್ಟ್‌ಸ್ಟಾಪನ್ನು ಅಳೆದದ್ದು ಮುಖ್ಯವಾಗಿ ಈ ತಪ್ಪುಗಳಿಂದಲೇ. ಇಲ್ಲಿಯೇ ಮೋಸವಿದೆ. ಸಮಾನ ಸಂಖ್ಯೆಯ ಹೊಡೆತಗಳನ್ನು ಎದುರಿಸಿದ ಇಬ್ಬರನ್ನು ಊಹಿಸಿಕೊಳ್ಳಿ. ಒಬ್ಬ ಓಡಿ 100 ಚೆಂಡುಗಳನ್ನು ತಲುಪಿ 15ರಲ್ಲಿ ತಪ್ಪುತ್ತಾನೆ. ಇನ್ನೊಬ್ಬ 80ನ್ನು ಮಾತ್ರ ತಲುಪಿ 8ರಲ್ಲಿ ತಪ್ಪುತ್ತಾನೆ. ನೂರಕ್ಕೆ 85 ಪಡೆದ ಮೊದಲನೆಯವನಿಗಿಂತ 90 ಪಡೆದ ಎರಡನೆಯವನು ಪಟ್ಟಿಯಲ್ಲಿ ಮೇಲು. ಆದರೆ ಮೊದಲನೆಯವನು ಗಳಿಸಿದ ಔಟ್‌ಗಳು 85, ಎರಡನೆಯವನವು 72. ಕೈಗೆ ಎಟುಕದ ಚೆಂಡಿಗೆ ಯಾರೂ ತಪ್ಪು ಬರೆಯುವುದಿಲ್ಲ. ಸಾಹಸಿಗೆ ದಂಡ, ನಿಂತಲ್ಲೇ ನಿಂತವನಿಗೆ ಬಹುಮಾನ! 1970ರ ದಶಕದಲ್ಲಿ ಬಿಲ್ ಜೇಮ್ಸ್ ಪ್ರತಿ ಪಂದ್ಯಕ್ಕೆ ಆಟಗಾರ ಭಾಗಿಯಾದ ಔಟ್‌ಗಳನ್ನು ಎಣಿಸುವ ಕ್ರಮವನ್ನು ಪ್ರಚಾರಕ್ಕೆ ತಂದದ್ದು ಈ ಕಾರಣಕ್ಕೇ.

ಆ ಅಳತೆಯನ್ನೂ 1871ಕ್ಕೆ ಕಣ್ಣುಮುಚ್ಚಿ ಒಯ್ಯುವಂತಿಲ್ಲ. ಮೊದಲು ಗೆರೆಯೊಳಗೆ ನೆಲ ತಾಕಿದ ಚೆಂಡು ಬಳಿಕ ಹೊರಗೆ ಉರುಳಿದರೂ ಆಗ ಸಿಂಧುವಾಗಿತ್ತು. ಅದನ್ನು ತಡೆಯಲು ಮೂರನೆಯ ಬೇಸಿನವನು ಗೆರೆಗೆ ಅಂಟಿಕೊಳ್ಳಬೇಕಾದಾಗ ನಡುವಣ ಬಯಲೆಲ್ಲ ಶಾರ್ಟ್‌ಸ್ಟಾಪ್‌ನ ಹೆಗಲಿಗೆ ಬೀಳುತ್ತಿತ್ತು. 1877ರ ಋತುವಿಗೆ ಈ ನಿಯಮ ಬದಲಾಯಿತು. ಅದರೊಂದಿಗೆ ಅಂಕಿಗಳ ಅರ್ಥವೂ.

ಇನ್ನು ಇಬ್ಬರು ಮನುಷ್ಯರನ್ನು ನೋಡೋಣ. ಜಾರ್ಜ್ ರೈಟ್ ವೃತ್ತಿಪರ ಕ್ರಿಕೆಟಿಗನ ಮಗ, ಸ್ವತಃ ಕ್ರಿಕೆಟಿಗ. 1869ರಲ್ಲಿ ಸಿನ್ಸಿನಾಟಿ ರೆಡ್ ಸ್ಟಾಕಿಂಗ್ಸ್ ಅವನಿಗೆ ಕೊಟ್ಟ ಸಂಬಳ 1400 ಡಾಲರ್. ನಾಯಕನಾಗಿದ್ದ ಅಣ್ಣ ಹ್ಯಾರಿಗಿಂತ ಹೆಚ್ಚು. 1871ರಲ್ಲಿ ಬಾಸ್ಟನ್ನಿಗಾಗಿ ಆಡುತ್ತಿದ್ದಾಗ ಕಾಲಿಗೆ ಪೆಟ್ಟಾಗಿ 16 ಪಂದ್ಯಗಳಲ್ಲಷ್ಟೇ ಕಣಕ್ಕಿಳಿದ. ಆ ವರ್ಷ ಬಾಸ್ಟನ್ನಿಗೆ ಪ್ರಶಸ್ತಿ ತಪ್ಪಿತು. ಮುಂದಿನ ನಾಲ್ಕೂ ವರ್ಷ ಅದು ಗೆದ್ದಿತು. ಕಲ್ಪಿತ ಲೀಗಿನಲ್ಲಿ ಅವನ ಕಾಲು ಮುರಿಯಬೇಕೆಂದಿಲ್ಲ. ಆದರೆ 16 ಪಂದ್ಯಗಳ ಅಂಕಿಯನ್ನು ಇಡೀ ಋತುವಿಗೆ ಹಿಗ್ಗಿಸುವುದು ಹಿಡಿ ಅಕ್ಕಿ ನೋಡಿ ಗದ್ದೆಯ ಬೆಳೆ ಹೇಳಿದಂತೆ.

ಇನ್ನೊಬ್ಬ ಡಿಕಿ ಪಿಯರ್ಸ್, ಬ್ರೂಕ್ಲಿನ್‌ನ ಗಿಡ್ಡ ಆಟಗಾರ. ಮೊದಲಿಗೆ ಶಾರ್ಟ್‌ಸ್ಟಾಪ್ ಎಂದರೆ ದೂರದಿಂದ ಬಂದ ಚೆಂಡನ್ನು ಪಡೆದು ಒಳಗೆ ದಾಟಿಸುವ ನಡುವಿನವನು. ಬ್ಯಾಟುಗಾರನನ್ನು ಗಮನಿಸಿ ನಿಲ್ಲುವ ಜಾಗ ಬದಲಿಸುತ್ತ, ಅದನ್ನು ಒಳವಲಯದ ಕಾವಲಾಗಿ ರೂಪಿಸಿದ ಕೀರ್ತಿ ಬಹುಪಾಲು ಪಿಯರ್ಸ್‌ಗೆ ಸಲ್ಲುತ್ತದೆ. ಅವನು ಹುಟ್ಟಿದ್ದು 1836ರಲ್ಲಿ. ಲೀಗ್ ಆರಂಭವಾಗುವಾಗಲೇ ಮೂವತ್ತೈದು ದಾಟುತ್ತಿದ್ದ. ಪಟ್ಟಿಗಳಲ್ಲಿ ಸಿಗುವುದು ಅವನ ಸಂಜೆ ಮಾತ್ರ. ನಡುಹಗಲು ಲೀಗಿನ ಪೂರ್ವದ ಮೈದಾನಗಳಲ್ಲೇ ಕಳೆದುಹೋಗಿತ್ತು. ರೈಟ್ 1937ರಲ್ಲಿ ಹಾಲ್ ಆಫ್ ಫೇಮ್ ಸೇರಿದ. ಪಿಯರ್ಸ್‌ಗೆ ಆ ಗೌರವ ದಕ್ಕಿಲ್ಲ.

ಹಾಗಾದರೆ ಕಲ್ಪಿತ ಲೀಗಿನಲ್ಲಿ ಪಿಯರ್ಸ್‌ಗೆ ಎಷ್ಟು ಅಂಕ? ಪಟ್ಟಿಯನ್ನೇ ನಂಬಿದರೆ ಸಾಧಾರಣ. ಆದರೆ ಅವನು ಕಲಿಸಿದ ನಿಲುವಿನಲ್ಲೇ ಉಳಿದವರು ನಿಂತು ಗಳಿಸಿದ ಅಂಕಿಗಳಲ್ಲೂ ಅವನ ಪಾಲಿದೆ. ಆ ಪಾಲಿಗೆ ಕಾರ್ಡಿನಲ್ಲಿ ಜಾಗವಿಲ್ಲ. ಅಂಕಿಗಳನ್ನು ಬಿಟ್ಟು ಇತಿಹಾಸವನ್ನು ತೂಗಲಾಗದು, ನಿಜ. ಆದರೆ ತಕ್ಕಡಿಗೆ ಬಾರದ್ದು ಯಾವುದೆಂದು ಕೇಳದೆ ತೂಗಿದರೆ, ಓಡಿದವನಿಗಿಂತ ನಿಂತವನೇ ಭಾರವಾಗಿ ಕಾಣುತ್ತಾನೆ.