ಕತ್ತಿಯ ಮೇಲಿನ ಹೆಸರು, ಕತ್ತಿಯೊಳಗಿನ ಉಕ್ಕು

ಕಾರ್ಕಳದ ಬಂಡೆಗುಡ್ಡದ ಮೇಲೆ 1432ರಲ್ಲಿ ವೀರಪಾಂಡ್ಯ ನಿಲ್ಲಿಸಿದ ಗೊಮ್ಮಟನ ಮುಂದೆ ಎಲ್ಲರೂ ಶಿಲ್ಪಿಯನ್ನು ನೆನೆಯುತ್ತಾರೆ. ಉಳಿಗೆ ಹದ ಕೊಟ್ಟ ಕಮ್ಮಾರ ಯಾರಿಗೂ ನೆನಪಾಗುವುದಿಲ್ಲ. ಸುಮಾರು 42 ಅಡಿಯ ಏಕಶಿಲೆಯನ್ನು ಕಡೆಯಬೇಕಾದರೆ ಉಳಿಗಳ ಬಾಯಿ ಮತ್ತೆ ಮತ್ತೆ ಮೊಂಡಾಗಿ, ಮತ್ತೆ ಮತ್ತೆ ಕುಲುಮೆಗೆ ಹೋಗಲೇಬೇಕು. ಕರಿಕಲ್ಲಿನ ಮುಂದೆ ಸುಳ್ಳು ನಡೆಯದು: ಹದ ಮೆದುವಾದರೆ ಬಾಯಿ ಮಡಚುತ್ತದೆ, ಗಡುಸಾದರೆ ಚಕ್ಕೆ ಏಳುತ್ತದೆ. ತಪ್ಪು ಯಾರದೆಂದು ಆ ಹೊತ್ತಿನಲ್ಲೇ ತಿಳಿಯುತ್ತದೆ. ಇಂಥ ಕಡೆ ಉಕ್ಕಿಗೆ ಹೆಸರಿನ ಅಗತ್ಯವೇ ಇಲ್ಲ. ಇಂದು ಚಾಕುವಿನ ಮೇಲೆ ಒಂದು ಉಕ್ಕಿನ ಹೆಸರು ಒತ್ತಿ ಒಳಗೆ ಇನ್ನೊಂದು ಉಕ್ಕು ಮಾರುತ್ತಾರೆಂಬ ದೂರನ್ನು ನಾವು ವ್ಯಾಪಾರಿಗಳ ಅಪ್ರಾಮಾಣಿಕತೆ ಎಂದಷ್ಟೇ ತಿಳಿಯುತ್ತೇವೆ. ಇತಿಹಾಸ ತೋರಿಸುವ ಕಾರಣ ಬೇರೆ. ಮಾಡುವವನಿಗೂ ಬಳಸುವವನಿಗೂ ನಡುವೆ ದೂರ ಬೆಳೆದಾಗಲೇ ಹೆಸರು ಉಕ್ಕಿನಿಂದ ಬೇರೆಯಾಗಿ ಓಡಾಡತೊಡಗುತ್ತದೆ.

ಇದಕ್ಕೆ ದೊಡ್ಡ ಸಾಕ್ಷಿ ನಮ್ಮ ಮೂಸೆ ಉಕ್ಕಿನದೇ. 1794ರಲ್ಲಿ ಮುಂಬಯಿಯಿಂದ ಡಾ. ಹೆಲೆನಸ್ ಸ್ಕಾಟ್ ಲಂಡನ್ನಿನ ವಿಜ್ಞಾನಿ ಜೋಸೆಫ್ ಬ್ಯಾಂಕ್ಸ್‌ಗೆ ಈ ಉಕ್ಕಿನ ಮಾದರಿ ಕಳಿಸಿದ. ಮರುವರ್ಷ ಜಾರ್ಜ್ ಪಿಯರ್ಸನ್ ಪ್ರಕಟಿಸಿದ ಪ್ರಬಂಧದ ತಲೆಬರಹವೇ ಅದನ್ನು ಮುಂಬಯಿಯಲ್ಲಿ ತಯಾರಾದ ಉಕ್ಕು ಎಂದಿತು. ಹಡಗು ಹತ್ತಿದ ಬಂದರು ಹುಟ್ಟೂರಿನ ಪಟ್ಟ ಪಡೆಯಿತು. ಮೈಸೂರು, ದಖ್ಖನ್ ಒಳನಾಡಿನ ಕುಲುಮೆಗಳು ಮರೆಗೆ ಸರಿದವು. 1800-01ರಲ್ಲಿ ಮೈಸೂರು ಸೀಮೆ ಸುತ್ತಿ, ಘಟ್ಟ ಇಳಿದು ಕಾರ್ಕಳ, ಉಡುಪಿಗಳನ್ನೂ ಹಾದುಹೋದ ಫ್ರಾನ್ಸಿಸ್ ಬುಕಾನನ್, ಕಬ್ಬಿಣದ ತುಂಡುಗಳನ್ನು ತಂಗಡಿ ಗಿಡದ ಕಡ್ಡಿಯೊಂದಿಗೆ ಮಣ್ಣಿನ ಮೂಸೆಯಲ್ಲಿ ಮುಚ್ಚಿ ಕಾಸುವ ಕ್ರಮವನ್ನು ಬರೆದಿಟ್ಟ. ಲಂಡನ್ನಿನಲ್ಲಿ ಈ ಉಕ್ಕಿನ ಹೆಸರೇ ಸರಕಾಯಿತು. ಜೇಮ್ಸ್ ಸ್ಟೋಡಾರ್ಟ್ ಎಂಬ ಚಾಕು ತಯಾರಕ ತನ್ನ ವ್ಯಾಪಾರದ ಚೀಟಿಯಲ್ಲೇ ಅದನ್ನು ಯುರೋಪಿನ ಉಕ್ಕಿಗಿಂತ ಮೇಲೆಂದು ಸಾರಿದ. ಆದರೆ ಲೋಹತಜ್ಞ ಡೇವಿಡ್ ಮುಷೆಟ್ 1805ರಲ್ಲಿ ಪರೀಕ್ಷಿಸಿದ ಈ ಉಕ್ಕಿನ ಐದು ಗಟ್ಟಿಗಳು ಒಂದರಂತೆ ಒಂದಿರಲಿಲ್ಲ. 1819ರಲ್ಲಿ ಮೈಕೆಲ್ ಫ್ಯಾರಡೆಯಂಥವನೂ ಇದರ ಗುಣಕ್ಕೆ ಅಲ್ಯೂಮಿನಿಯಂ ಕಾರಣವಿರಬೇಕೆಂದು ತಪ್ಪಾಗಿ ಎಣಿಸಿದ. ಮೋಸದ ಉದ್ದೇಶ ಇವರಲ್ಲಿ ಯಾರಿಗೂ ಇರಲಿಲ್ಲ. ಆದರೂ ಊರು ತಪ್ಪಿತು, ಒಳಗೇನಿದೆ ಎಂಬುದೂ ತಪ್ಪಿತು.

ಹಾಗಾದರೆ ಹಳೆಯ ಕುಲುಮೆಯಲ್ಲಿ ಎಲ್ಲವೂ ಚೊಕ್ಕವಾಗಿತ್ತೇ? ಇರಲಿಲ್ಲ. ಮದರಾಸಿನ ಕಂಪೆನಿ ಸರಕಾರದಲ್ಲಿ ಕೆಲಸಮಾಡಿದ್ದ ಜೋಸಾಯ ಹೀತ್ 1839ರ ಬರಹದಲ್ಲಿ, ಸರಾಸರಿ ಐದು ಗಟ್ಟಿಗಳಲ್ಲಿ ನಾಲ್ಕರಲ್ಲಿ ಒಂದಿಲ್ಲೊಂದು ದೋಷವಿರುತ್ತಿತ್ತು ಎನ್ನುತ್ತಾನೆ. ನಮ್ಮ ಉಕ್ಕಿನ ಹಿರಿಮೆ ಹೇಳುವಾಗ ಈ ಮಾತನ್ನು ಬಿಟ್ಟುಬಿಡುವುದು ಸರಿಯಲ್ಲ. ಆದರೆ ಅದೇ ಬರಹ ಇನ್ನೊಂದನ್ನೂ ಹೇಳುತ್ತದೆ: ಗಟ್ಟಿಯ ಮೇಲೆ ನಡುವಿನಿಂದ ಅಂಚಿಗೆ ಗೆರೆಗಳು ಹರಡಿದ್ದರೆ ಅದು ಚೆನ್ನಾಗಿ ಕರಗಿದೆ, ಜೇನುಹುಟ್ಟಿನಂತೆ ತೂತಾಗಿದ್ದರೆ ಕೆಟ್ಟಿದೆ. ಅಂದರೆ ದೋಷ ಹೇರಳವಾಗಿತ್ತು, ಆದರೆ ಬಲ್ಲವರ ಕಣ್ಣಿಗೆ ಅದು ಮುಚ್ಚುಮರೆಯಿಲ್ಲದೆ ಕಾಣುತ್ತಿತ್ತು. ಹೊಳಪು ಕೊಟ್ಟು ಡಬ್ಬಿಗೆ ಹಾಕಿದ ಚಾಕುವಿನಲ್ಲಿ ಆ ಗೆರೆಗಳನ್ನು ಯಾರು ಓದಬಲ್ಲರು?

ಕರಾವಳಿಯ ಆಚಾರಿಗೆ ಇಪ್ಪತ್ತನೆಯ ಶತಮಾನದಲ್ಲಿ ಉಕ್ಕು ಒದಗಿದ್ದು ರಸ್ತೆಯಿಂದ. 1914ರಲ್ಲಿ ಮಂಗಳೂರಿನಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್ ಎಂಬ ಬಸ್ ಕಂಪೆನಿ ಹುಟ್ಟಿತು. ಮುಂದೆ ಕೆನರಾ ವರ್ಕ್‌ಶಾಪ್ಸ್ ವಾಹನಗಳ ಸ್ಪ್ರಿಂಗ್ ಪಟ್ಟಿಗಳನ್ನು ಇಲ್ಲೇ ತಯಾರಿಸಿತು. ಸವೆದ ಪಟ್ಟಿ ಕುಲುಮೆ ಸೇರಿ ಮೆಟ್ಟುಕತ್ತಿಯಾಯಿತು, ಸೊಪ್ಪು ಕಡಿಯುವ ಕತ್ತಿಯಾಯಿತು, ಮೀನು ಕೊಯ್ಯುವ ಕತ್ತಿಯಾಯಿತು. ಸಾಮಾನ್ಯವಾಗಿ ನೂರಕ್ಕೆ ಅರ್ಧದಿಂದ 0.6ರಷ್ಟು ಇಂಗಾಲವಿರುವ ಈ ಉಕ್ಕು ಕತ್ತಿಗೆ ಒಗ್ಗುವಂಥದೇ. ಗುಜರಿ ಪಟ್ಟಿಯಲ್ಲಿ ಕಣ್ಣಿಗೆ ಕಾಣದ ಬಿರುಕಿರಬಹುದು, ಪಟ್ಟಿಯಿಂದ ಪಟ್ಟಿಗೆ ಉಕ್ಕು ಬೇರೆಯಾಗಬಹುದು, ಕಾರ್ಖಾನೆಯ ಪ್ರಮಾಣಪತ್ರವಿರುವ ಉಕ್ಕೇ ಲೇಸು ಎಂಬ ಆಕ್ಷೇಪವಿದೆ. ಅದು ನ್ಯಾಯವಾದುದು. ಆದರೆ ಪ್ರಮಾಣಪತ್ರ ಹೇಳುವುದು ಉಕ್ಕಿನಲ್ಲಿ ಏನು ಬೆರೆತಿದೆ ಎಂಬುದನ್ನು. ಕಾಸಿ, ಅದ್ದಿ, ಮತ್ತೆ ಹದವಾಗಿ ಕಾಸಿದ ಕೆಲಸವನ್ನಲ್ಲ. ಅತ್ಯುತ್ತಮ ಉಕ್ಕೂ ಹದ ತಪ್ಪಿದರೆ ಬರೀ ತಗಡು. ಹೆಸರಿನಲ್ಲೂ ಸಡಿಲಿಕೆಯಿದೆ: ಚಾಕುವಿನ ಮೇಲೆ ಉಕ್ಕಿನ ದರ್ಜೆಯನ್ನು '440' ಎಂದು ಮಾತ್ರ ಒತ್ತಿದರೆ ಅದು ನೂರಕ್ಕೆ 0.60ರಿಂದ 0.75 ಇಂಗಾಲದ 440ಎ ಇರಬಹುದು, 0.95ರಿಂದ 1.20ರ 440ಸಿ ಕೂಡ ಇರಬಹುದು. ಎರಡು ಬಗೆಯ ಉಕ್ಕನ್ನು ಬೆಸೆದು ಅಲೆ ಮೂಡಿಸಿದ ಅಲಗನ್ನು 'ಡಮಾಸ್ಕಸ್' ಎಂದು ಮಾರುವಾಗ, ಆ ಹೆಸರು ಹೊತ್ತ ಹಳೆಯ ಮೂಸೆ ಉಕ್ಕಿನ ಕೀರ್ತಿಯನ್ನೇ ಸಾಲ ತಂದಂತಾಗುತ್ತದೆ. ಸುರತ್ಕಲ್ಲಿನ ಎನ್‌ಐಟಿಕೆಯಲ್ಲಿರುವಂಥ ಲೋಹಶಾಸ್ತ್ರ ವಿಭಾಗಗಳು ಮಿಶ್ರಣವನ್ನೂ ಗಡಸುತನವನ್ನೂ ಅಳೆದು ಹೇಳಬಲ್ಲವು. ಆದರೆ ಅಡುಗೆಮನೆಯ ಚಾಕು ಹಿಡಿದು ಅಲ್ಲಿಗೆ ಹೋಗುವವರಾರು?

ಹಾಗೆಂದು ಗುರುತುಗಳೇ ಬೇಡವೆನ್ನಲಾಗದು. ಮಾಡಿದವನ ಮನೆ ಬಾಗಿಲಿಗೆ ಎಲ್ಲರೂ ಹೋಗುವ ಕಾಲ ಮರಳದು. ಕಾಪು ಬಳಿಯ ಮಟ್ಟುಗುಳ್ಳ ಬದನೆಗೆ ಭೌಗೋಳಿಕ ಗುರುತು ಬಂದಿದೆ, ಬೆಳೆಗಾರರು ಕಾಯಿಗೆ ಚೀಟಿಯನ್ನೂ ಅಂಟಿಸುತ್ತಾರೆ. ತಿಂದವರ ನಾಲಗೆ ಆ ಚೀಟಿಯನ್ನು ಒರೆಗೆ ಹಚ್ಚುತ್ತದೆ. ಕತ್ತಿಯ ಚೀಟಿಗೆ ಅಂಥ ಒರೆ ತಿಂಗಳುಗಳ ಬಳಕೆಯ ಬಳಿಕವೇ ಸಿಗುವುದು. 2011ರ ಪೊಟ್ಟಣ ಸರಕುಗಳ ನಿಯಮ ತಯಾರಕನ ಹೆಸರು, ವಿಳಾಸ, ಬೆಲೆ ಕೇಳುತ್ತದೆ. ಉಕ್ಕಿನ ದರ್ಜೆ ಕೇಳುವುದಿಲ್ಲ, ಗಡಸುತನ ಕೇಳುವುದಿಲ್ಲ. ದರ್ಜೆಯನ್ನು ಪೂರ್ತಿ ಬರೆಯಬೇಕು, ಅಳೆದ ಗಡಸುತನವನ್ನು ಅದರ ಪಕ್ಕದಲ್ಲೇ ಒತ್ತಬೇಕು, ಬಾಯಿ ಮಡಚಿದ ಕತ್ತಿಯನ್ನು ಯಾರು ವಾಪಸು ಪಡೆಯುತ್ತಾರೆಂಬುದೂ ಅಲ್ಲಿರಬೇಕು.